ಸಾಹೇಬರ ಅರ್ಧ, ನಮ್ಮ ಅರ್ಧ

ಹೋದ ತಿಂಗಳು ಹೆಬ್ಬಾಳದ ಕಡೆಯಿಂದ ಬರುವಾಗ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕಿಟಕಿಯಿಂದ ನೋಡಿದರೆ ನಮ್ಮ ಹಳೆಯ ಬೀದಿಯ ತಿರುವು. ಬಸ್ಸು ಸದ್ಯಕ್ಕೆ ಅಲುಗುವ ಹಾಗಿರಲಿಲ್ಲ, ನನಗೂ ಆತುರವೇನೂ ಇರಲಿಲ್ಲ, ಇಳಿದುಬಿಟ್ಟೆ. ಆರು ಮನೆಗಳ ಸಾಲಿನಲ್ಲಿ ಉಳಿದಿದ್ದ ಕೊನೆಯ ಮನೆಯನ್ನು ಕೆಡವುತ್ತಿದ್ದರು. ತುಂತುರು ಮಳೆಗೆ ಒಡೆದ ತಾರಸಿಯ ತುಂಡುಗಳು ನೆನೆದು ಹಳೆಯ ಗಾರೆಯ ವಾಸನೆ ಬರುತ್ತಿತ್ತು. ಸುಣ್ಣ, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ಬೆಲ್ಲದ ನೀರು ಹಾಕಿ ಅರೆದ ಗಾರೆ ಅದು. ಇಷ್ಟು ವರ್ಷಗಳ ಮೇಲೆ ಬೆಲ್ಲದ ವಾಸನೆ ಉಳಿದಿರಲು ಸಾಧ್ಯವಿಲ್ಲ, ನನ್ನ ಮೂಗಿನ ಭ್ರಮೆಯೇ ಇರಬೇಕು. ಆದರೂ ಅಲ್ಲಿ ನಿಂತಷ್ಟು ಹೊತ್ತು ಖಾದರ್ ಸಾಹೇಬರ ಮೇಲೆ ಹಳೆಯ ಸಿಟ್ಟು ಮತ್ತೆ ಬಂತು, ಅದರ ಬೆನ್ನಿಗೇ ಕಣ್ಣು ಒದ್ದೆಯಾಯಿತು. ಎರಡರಲ್ಲಿ ಯಾವುದು ಸರಿ ಎಂದು ಅವತ್ತೂ ತಿಳಿದಿರಲಿಲ್ಲ, ಇವತ್ತೂ ತಿಳಿಯದು.

ಎಂಬತ್ತರ ದಶಕದ ಆರಂಭದ ಮಾತು. ನಾನು ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಯಶವಂತಪುರದ ಖಾದರ್ ಸಾಹೇಬರ ಮರದ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದೆ. ಸಾಹೇಬರಿಗೆ ಅರವತ್ತರ ಹತ್ತಿರ. ಮನೆಯಲ್ಲಿ ದಖನಿ ಉರ್ದು ಮಾತಾಡಿದರೂ ಅಂಗಡಿಯಲ್ಲಿ ಅವರ ಕನ್ನಡ ನನ್ನ ಕನ್ನಡಕ್ಕಿಂತ ಗಟ್ಟಿಯಾಗಿತ್ತು. ಒಳ್ಳೆಯವರು, ಆದರೆ ಅವರ ಲೆಕ್ಕಕ್ಕೂ ನಾನು ಕಾಲೇಜಿನಲ್ಲಿ ಓದಿದ ಲೆಕ್ಕಕ್ಕೂ ಹೊಂದಿಕೆಯೇ ಆಗುತ್ತಿರಲಿಲ್ಲ. ಬ್ಯಾಂಕಿನವರು ಅವರ ಖಾತೆಗೆ ಒಂದಿಷ್ಟು ಬಡ್ಡಿ ಹಾಕಿದರೆ ಅದನ್ನು ಬಿಡಿಸಿ ತರಲು ನನ್ನನ್ನು ಕಳಿಸುತ್ತಿದ್ದರು. ಬಡ್ಡಿ ಅವರ ಧರ್ಮದಲ್ಲಿ ನಿಷಿದ್ಧ, ಅದನ್ನು ಮನೆಗೆ ಬಳಸುವ ಹಾಗಿಲ್ಲ, ಮಸೀದಿಗೆ ಕೊಡುವ ಹಾಗಿಲ್ಲ. ಕೊನೆಗೆ ಅದರಲ್ಲಿ ಮಂಡಿಯ ಹಿಂದಿನ ಸಾರ್ವಜನಿಕ ಕಕ್ಕಸಿಗೆ ಬಾಗಿಲು ಹಾಕಿಸಿದರು. "ಹೆಸರು ಬರೆಸಲ್ವಾ ಸಾಬ್ರೇ?" ಎಂದು ತಮಾಷೆ ಮಾಡಿದೆ. "ಬೇಡಮ್ಮ, ಅದರ ಪುಣ್ಯಾನೂ ನಂಗೆ ಬರೋ ಹಂಗಿಲ್ಲ" ಎಂದರು. ನನಗೆ ನಗು ಬಂತು, ಅವರು ನಗಲಿಲ್ಲ.

ಮರದ ವ್ಯಾಪಾರದಲ್ಲಿ ಉಳಿಸಿದ ಹಣದಲ್ಲಿ ಅವರು ಹೆಬ್ಬಾಳದ ಕೆರೆಯಾಚೆ ಸ್ವಲ್ಪ ಜಾಗ ಕೊಂಡು ಆರು ಮನೆ ಕಟ್ಟಿಸಿದರು. ಮಾರುವ ಕ್ರಮ ಮಾತ್ರ ಊರಿಗೆಲ್ಲ ವಿಚಿತ್ರ. ಮನೆಯ ಅರ್ಧವನ್ನು ನೀವು ಕೊಳ್ಳಬೇಕು. ಉಳಿದರ್ಧ ಸಾಹೇಬರದು. ಅವರ ಅರ್ಧದಲ್ಲಿ ನೀವು ವಾಸ ಮಾಡುವುದಕ್ಕೆ ಬಾಡಿಗೆ ಕೊಡಬೇಕು. ಕೈಯಲ್ಲಿ ದುಡ್ಡಾದಾಗ ಅವರ ಪಾಲನ್ನು ಚೂರುಚೂರಾಗಿ ಕೊಳ್ಳುತ್ತ ಹೋದರೆ ಬಾಡಿಗೆ ಇಳಿಯುತ್ತ ಹೋಗಿ, ಒಂದು ದಿನ ಮನೆ ಪೂರ್ತಿ ನಿಮ್ಮದು. ಬಡ್ಡಿಯ ಮಾತೇ ಇಲ್ಲ.

"ಇದು ಬಡ್ಡಿಗೆ ಬೇರೆ ಅಂಗಿ ತೊಡಿಸಿದ ಹಾಗೆ ಅಲ್ವಾ ಸಾಬ್ರೇ? ಬ್ಯಾಂಕಿನೋರು ಬಡ್ಡಿ ಅಂತಾರೆ, ನೀವು ಬಾಡಿಗೆ ಅಂತೀರಿ."

"ಗೋಡೆ ಬಿದ್ರೆ ಬ್ಯಾಂಕಿನೋರು ಕಂತು ಬಿಡ್ತಾರೇನಮ್ಮ? ಇಲ್ಲಿ ಗೋಡೆ ಬಿದ್ರೆ ನಂದೂ ಅರ್ಧ ಬಿದ್ದಿರುತ್ತೆ. ಇಲ್ಲದಿರೋ ಗೋಡೆಗೆ ಬಾಡಿಗೆ ಹೆಂಗೆ ಕೇಳ್ಲಿ?"

ಉತ್ತರ ಚೆನ್ನಾಗಿತ್ತು, ಅರ್ಥವಾಯಿತು ಎಂದುಕೊಂಡೆ. ಹದಿನೈದು ದಿನ ಕಳೆದರೆ ಮತ್ತೆ ಅರ್ಥವಾಗುತ್ತಿರಲಿಲ್ಲ.

ಅಮ್ಮನಿಗೆ ಮಾತ್ರ ಈ ಏರ್ಪಾಡು ಬಹಳ ಹಿಡಿಸಿತು. ಅಪ್ಪ ಹೋದಮೇಲೆ ನಾವಿಬ್ಬರೂ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಪಾತ್ರೆ ಹೊತ್ತು ಸಾಕಾಗಿದ್ದೆವು. ಅಮ್ಮನ ತವರು ಮಾಕಳಿ. ಅಲ್ಲಿ ಅವಳ ಪಾಲಿಗೆ ಬಂದಿದ್ದ ತುಂಡು ಹೊಲವನ್ನು ನನ್ನ ಸೋದರಮಾವನಿಗೇ ಕೊಟ್ಟು, ಬಂದ ದುಡ್ಡನ್ನೆಲ್ಲ ಸಾಹೇಬರ ಮುಂದಿಟ್ಟಳು. ಹಾಗೆ ಮೂರನೆಯ ಮನೆಯ ಅರ್ಧ ನಮ್ಮದಾಯಿತು. ಅವತ್ತಿನಿಂದ ನಾನು ಯಾರೆಂಬುದೇ ನನಗೆ ಗೊಂದಲ. ಅಂಗಡಿಯಲ್ಲಿ ಗುಮಾಸ್ತೆ, ಮನೆಯಲ್ಲಿ ಅರ್ಧ ಮಾಲೀಕಳು, ಉಳಿದರ್ಧಕ್ಕೆ ಬಾಡಿಗೆದಾರಳು. ತಿಂಗಳ ಮೊದಲಿಗೆ ನನ್ನ ಸಂಬಳದಿಂದ ನಾನೇ ಬಾಡಿಗೆ ತೆಗೆದಿಟ್ಟು, ನನಗೆ ನಾನೇ ರಸೀದಿ ಬರೆದು, ಸಾಹೇಬರ ರುಜು ಹಾಕಿಸಿಕೊಳ್ಳುತ್ತಿದ್ದೆ.

ಆ ವರ್ಷ ಸಿಮೆಂಟು ಪರ್ಮಿಟ್ಟಿಗೆ ಮಾತ್ರ ಸಿಗುತ್ತಿತ್ತು. ಕಾಳಸಂತೆಯಲ್ಲಿ ಬೇಕಾದಷ್ಟಿತ್ತು, ಸಾಹೇಬರು ಆ ಕಡೆ ತಲೆಯೇ ಹಾಕಲಿಲ್ಲ. ಹೀಗಾಗಿ ತಾರಸಿಗೆಲ್ಲ ಹಳೆಯ ಕಾಲದ ಗಾರೆ ಹಾಕಿಸಿದರು. ಗಾರೆ ಬಲಿಯಲು ಬಿಸಿಲು ಬೇಕು. ನಾವು ಹೊಕ್ಕಿದ್ದು ಬೇಸಿಗೆಯ ಕೊನೆಯಲ್ಲಿ, ಮಳೆ ಮುಂಚಿತವಾಗಿಯೇ ಹಿಡಿಯಿತು. ಜೂನ್ ಮುಗಿಯುವುದರೊಳಗೆ ಆರೂ ಮನೆ ಸೋರತೊಡಗಿದವು.

ಸೋರುವುದೆಂದರೆ ಒಂದು ಮೂಲೆಯಲ್ಲಿ ತೊಟ್ಟಿಕ್ಕುವುದಲ್ಲ. ಹಾಸಿಗೆಯನ್ನು ಸುತ್ತಿ ಹೊರಸಿನ ಕೆಳಗಿಟ್ಟು, ಹೊರಸಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ನಾವು ಅಡುಗೆಮನೆಯ ಒಲೆಯ ಪಕ್ಕ ಮಲಗುತ್ತಿದ್ದೆವು. ಸಾಹೇಬರು ಕೊಡೆ ಹಿಡಿದು ಬಂದು ಒಂದೊಂದು ಮನೆಯನ್ನೂ ನೋಡಿ, "ಮಲಗೋಕೆ ಆಗದ ಮನೆಗೆ ಬಾಡಿಗೆ ತಗೊಳ್ಳೋಕೆ ನಂಗೆ ಹಕ್ಕಿಲ್ಲ. ರಿಪೇರಿ ಆಗೋವರೆಗೆ ಯಾರೂ ಕೊಡ್ಬೇಡಿ" ಎಂದು ಹೇಳಿ ಹೋದರು. ರಿಪೇರಿಯ ಖರ್ಚು ಮಾತ್ರ ಅರ್ಧ ಅವರದು, ಅರ್ಧ ನಮ್ಮದು.

ಅಲ್ಲಿಂದ ಶುರುವಾಯಿತು ಜಗಳ. ಪಕ್ಕದ ಮನೆಯ ಶಿವಣ್ಣ ಬಸ್ ಕಂಡಕ್ಟರ್. ದಿನವಿಡೀ ಚಿಲ್ಲರೆಗಾಗಿ ಜಗಳವಾಡಿ ಬಂದವನಿಗೆ ಸಂಜೆಯೂ ಜಗಳ ಬೇಕಿತ್ತು. "ಸೋರ್ತಿರೋದು ರೂಮು ಕಣ್ರೀ ಸಾಬ್ರೇ. ರೂಮು ನಿಮ್ಮ ಅರ್ಧ. ನನ್ನ ಅರ್ಧ ಹಾಲ್, ಅದು ಒಣಗೇ ಇದೆ."

"ಹಂಗೆ ಗೆರೆ ಇಲ್ಲಪ್ಪ. ಒಂದೊಂದು ಇಟ್ಟಿಗೇಲೂ ಅರ್ಧ ನಂದು, ಅರ್ಧ ನಿಂದು."

"ಇಟ್ಟಿಗೇಲಿ ಅರ್ಧ ಅಂದ್ರೆ ನೀರಲ್ಲೂ ಅರ್ಧನಾ?"

"ನೀರಲ್ಲೂ ಅರ್ಧ" ಎಂದರು ಸಾಹೇಬರು ಗಂಭೀರವಾಗಿ.

ಅಮ್ಮನೂ ಕಡಿಮೆಯಿರಲಿಲ್ಲ. "ನಾನು ಒಲ ಮಾರಿ ಕೊಟ್ಟಿದ್ದು ಒಣಗಿರೋ ಅರ್ಧಕ್ಕೆ ಸಾಬ್ರೇ, ಒದ್ದೆ ಅರ್ಧಕ್ಕಲ್ಲ" ಎಂದು ಮಳೆಗಾಲವಿಡೀ ಅವರೊಂದಿಗೆ ವಾದ ಹಾಕಿದಳು. ಸಾಹೇಬರು ಬಂದಾಗಲೆಲ್ಲ ಈ ವಾದ, ಅದಾದ ಮೇಲೆ ಕಾಫಿ. ಅಮ್ಮನಿಗೆ ಅವರು ಬರುವುದು ಬೇಕಿತ್ತೋ ಏನೋ ಎಂದು ನನಗೆ ಅನುಮಾನ.

ಆದರೆ ಅಂಗಡಿಯಲ್ಲಿ ಕೂತು ಲೆಕ್ಕ ನೋಡುವವಳು ನಾನು. ಆರು ಮನೆಯ ಬಾಡಿಗೆ ನಿಂತಿತ್ತು. ಸೋರುವ ಮನೆಯಲ್ಲಿ ಇನ್ನಷ್ಟು ಪಾಲು ಕೊಳ್ಳಲು ಯಾರೂ ಮುಂದೆ ಬರುತ್ತಿರಲಿಲ್ಲ. ಬರುವ ದುಡ್ಡಿಲ್ಲ, ಹೋಗುವ ದುಡ್ಡಿಗೆ ಮಾತ್ರ ಅವರದೊಂದು ಕ್ರಮ: ಮೊದಲು ಶನಿವಾರ ಸಂಜೆ ಗಾರೆಯವರ ಕೂಲಿ, ಆಮೇಲೆ ಸಾಮಾನು ಕೊಟ್ಟವರು, ಎಲ್ಲರದ್ದೂ ಆಗಿ ಉಳಿದರೆ ಸಾಹೇಬರ ಮನೆಯ ರೇಷನ್. ಮರದ ಅಂಗಡಿಯ ಲಾಭವನ್ನೆಲ್ಲ ತಾರಸಿಗಳೇ ನುಂಗಿದವು. ಆರ್.ಟಿ. ನಗರದಲ್ಲಿದ್ದ ಅವರ ಭಾಮೈದ ಬಡ್ಡಿಯಿಲ್ಲದೆ ಕೈಸಾಲ ಕೊಟ್ಟ, ಅದೂ ಮುಗಿಯಿತು. ಸಾಲದ್ದಕ್ಕೆ ಅದೇ ಮಳೆಯಲ್ಲಿ ರಂಜಾನ್ ಬಂತು. ಅವರ ವರ್ಷದ ಲೆಕ್ಕ ಮುಗಿಯುವುದು ಆಗ. ಕೈಯಲ್ಲಿರುವ ದುಡ್ಡಿಗೂ ಮಾರಾಟಕ್ಕಿಟ್ಟ ಮರಕ್ಕೂ ಜಕಾತ್, ಅಂದರೆ ಬಡವರಿಗೆ ಕೊಡಲೇಬೇಕಾದ ಪಾಲು, ಲೆಕ್ಕ ಹಾಕು ಎಂದರು.

"ಮರ ಇನ್ನೂ ಮಾರಿಲ್ಲ ಸಾಬ್ರೇ. ತಾರಸಿ ಆಗ್ಲಿ, ಆಮೇಲೆ ಕೊಡಿ. ದೇವರೇನು ಓಡಿಹೋಗ್ತಾನಾ?"

"ದೇವರು ಇರ್ತಾನಮ್ಮ. ತಗೊಳ್ಳೋ ಬಡವ ಹಬ್ಬಕ್ಕೆ ಮುಂಚೆ ಕಾಯ್ತಿರ್ತಾನೆ" ಎಂದು ನಾನು ತಾರಸಿಗೆಂದು ಎತ್ತಿಟ್ಟಿದ್ದರಲ್ಲೇ ತೆಗೆದು ಕೊಟ್ಟುಬಿಟ್ಟರು.

ನಾನು ಅವತ್ತು ನಿಜವಾಗಿ ಸಿಟ್ಟಾದೆ. ಬ್ಯಾಂಕಿಗೆ ಹೋಗಿ ಓವರ್‌ಡ್ರಾಫ್ಟಿನ ಕಾಗದ ತಂದು ಅವರ ಮೇಜಿನ ಮೇಲಿಟ್ಟೆ. ಹಿಂಗಾರು ಮಳೆಗೆ ಮುಂಚೆ ಆರು ತಾರಸಿಗೂ ಮೇಲೊಂದು ಸಿಮೆಂಟಿನ ಪದರ ಬೀಳದಿದ್ದರೆ ಗೋಡೆಗಳೂ ಉಬ್ಬುತ್ತವೆ ಎಂದು ಮೇಸ್ತ್ರಿ ಹೇಳಿದ್ದ. ಪರ್ಮಿಟ್ ಹೇಗೋ ಸಿಕ್ಕಿತ್ತು, ದುಡ್ಡಿರಲಿಲ್ಲ. ಸಾಹೇಬರು ಕಾಗದವನ್ನು ಪೂರ್ತಿ ಓದಿ ಮಡಿಸಿ ನನಗೇ ವಾಪಸ್ ಕೊಟ್ಟರು. ಇವರ ಪುಣ್ಯಕ್ಕೆ ನಮ್ಮ ತಲೆಯ ಮೇಲೆ ನೀರು ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಬಾಡಿಗೆ ಬೇಡ ಎಂದವರೂ ಅವರೇ, ಸಾಲ ಬೇಡ ಎಂದವರೂ ಅವರೇ. ಯಾವುದಕ್ಕೆ ಕೈ ಮುಗಿಯಬೇಕು, ಯಾವುದಕ್ಕೆ ಜಗಳವಾಡಬೇಕು?

ಆಗ ಮಂಡಿಯ ಕೆಂಪಣ್ಣ ಬಂದ. ಯಶವಂತಪುರದಲ್ಲಿ ಈರುಳ್ಳಿ ವ್ಯಾಪಾರ, ಕೈತುಂಬ ದುಡ್ಡು. ಆರು ಮನೆಗಳಲ್ಲಿ ಸಾಹೇಬರಿಗಿರುವ ಪಾಲನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆ, ಬೆಲೆಯೂ ಒಳ್ಳೆಯದೇ ಎಂದ. ಇದು ಸಾಲವಲ್ಲ, ಬಡ್ಡಿಯಲ್ಲ, ಇರುವ ಆಸ್ತಿಯ ಮಾರಾಟ. ಸಾಹೇಬರು ಎರಡು ದಿನ ಯೋಚಿಸಿ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು: ನನ್ನ ಪಾಲುದಾರರಿಗೆ ಮೊದಲು ತಿಳಿಸುತ್ತೇನೆ, ಅದೇ ಬೆಲೆಗೆ ಯಾರಾದರೂ ಬೇಕೆಂದರೆ ಆ ಮನೆ ನಿನಗಿಲ್ಲ. ಕೆಂಪಣ್ಣ ನಕ್ಕು ಹೂಂ ಅಂದ. ಸೋರುವ ಮನೆಯವರ ಹತ್ತಿರ ದುಡ್ಡೆಲ್ಲಿದೆ ಎಂದು ಅವನಿಗೂ ಗೊತ್ತಿತ್ತು. ಈ ಷರತ್ತೆಲ್ಲ ನನಗೆ ತಿಳಿದದ್ದು ಆಮೇಲೆ.

ಭಾನುವಾರ ಮಧ್ಯಾಹ್ನ ಸಾಹೇಬರು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ನಮ್ಮ ಸಾಲಿಗೆ ಬಂದರು. ಒಂದೊಂದೇ ಬಾಗಿಲು ತಟ್ಟಿ, ಕೂತು, ಹೇಳಿ, ಎದ್ದು ಹೋಗುತ್ತಿದ್ದರು. ನಮ್ಮ ಮನೆಗೆ ಬಂದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂತು ಅಮ್ಮನಿಗೆ ಹೇಳಿದರು:

"ಅಮ್ಮಾ, ಈ ಮನೇಲಿ ನನ್ನ ಅರ್ಧಾನ ಮಂಡಿ ಕೆಂಪಣ್ಣೋರಿಗೆ ಮಾರೋ ಮಾತಾಗಿದೆ." ಬೆಲೆಯನ್ನೂ ಹೇಳಿದರು. "ನೀವು ನನ್ನ ಪಾಲುದಾರರು, ನಿಮಗೆ ತಿಳಿಸೋದು ನನ್ನ ಕರ್ತವ್ಯ. ತಿಳಿಸಿದೀನಿ."

ಹೇಳಿ ಸುಮ್ಮನೆ ಕೂತರು. ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು ನೋಡಿದರು. ಅವರ ಗುಮಾಸ್ತೆಯಾಗಿ ಅವರ ಮುಂದೆಯೇ ವ್ಯಾಪಾರದ ಮಾತಾಡುವುದು ಸರಿಯಲ್ಲ ಎಂದು ನಾನು ನೆಲ ನೋಡುತ್ತ ನಿಂತೆ. ಅಮ್ಮನ ಕಡೆಯವರಲ್ಲಿ ಜಮೀನಿನ ಮಾತಿಗೆ ಕೂತಲ್ಲೇ ಉತ್ತರ ಕೊಡುವ ಪದ್ಧತಿಯಿಲ್ಲ. ತಕ್ಷಣ ಹೂಂ ಅಂದರೆ ದುರಾಸೆ, ತಕ್ಷಣ ಊಹೂಂ ಅಂದರೆ ಬಂದವರಿಗೆ ಅವಮಾನ. ಕೇಳಿಸಿಕೊಂಡು, ಬಂದವರಿಗೆ ಏನಾದರೂ ಕುಡಿಯಲು ಕೊಟ್ಟು ಕಳಿಸಬೇಕು. ಅವರು ಇನ್ನೊಮ್ಮೆ ಬರುತ್ತಾರೆ, ಆಗ ಹೇಳಬೇಕು. ಅಮ್ಮ ಒಂದು ಮಾತೂ ಆಡದೆ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದಳು. ಸಾಹೇಬರು ನಿಧಾನವಾಗಿ ಕುಡಿದರು. ಲೋಟ ಕೆಳಗಿಟ್ಟು, "ಬರ್ತೀನಮ್ಮ" ಎಂದು ಹೋದರು.

ಅವರು ತಿರುವು ದಾಟುವುದನ್ನೇ ಕಾಯುತ್ತಿದ್ದ ಅಮ್ಮ ನನ್ನ ಕೈ ಹಿಡಿದುಕೊಂಡಳು. ಕಣ್ಣು ಹೊಳೆಯುತ್ತಿತ್ತು. "ಸರೋಜಾ, ನಾವೇ ತಕ್ಕೊಳಾನ ಕಣೆ. ಮಾಕಳೀಗೆ ಓಗಿ ಅಣ್ಣನ್ನ ಕೇಳ್ತೀನಿ. ಒಂದಷ್ಟು ಈಗ, ಮಿಕ್ಕಿದ್ದು ಸುಗ್ಗಿ ಮೇಲೆ. ಸಾಬ್ರು ಇನ್ನೊಂದ್ಸಲ ಬತ್ತಾರಲ್ಲ, ಆಗ ಏಳಾನ. ಪೂರ್ತಿ ಮನೆ ನಮ್ದೇ ಆಯ್ತದೆ." ಅಪ್ಪ ಹೋದಮೇಲೆ ಅಮ್ಮನನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಸೋಮವಾರ ಅಂಗಡಿಗೆ ಹೋದರೆ ಸಾಹೇಬರು ಕರಾರಿನ ಕರಡು ಟೈಪ್ ಮಾಡಲು ಹೇಳಿದರು. ಐದು ಮನೆಯ ಪಾಲು ಕೆಂಪಣ್ಣನಿಗೆ, ಒಂದು ಮನೆಯದು ಶಿವಣ್ಣನಿಗೆ.

"ಶಿವಣ್ಣನಿಗಾ? ಅವನ ಹತ್ರ ದುಡ್ಡೆಲ್ಲಿದೆ?"

"ಇಲ್ಲ. ಆದ್ರೆ ನಾನು ಹೇಳಿ ಬಾಯಿ ಮುಚ್ಚೋಕೆ ಮುಂಚೆ, 'ಬೇರೆಯವನಿಗೆ ಯಾಕ್ರೀ ಕೊಡ್ತೀರ, ನಂಗೇ ಬೇಕು' ಅಂತ ಜಗಳಕ್ಕೆ ಬಂದ. ಬೇಕು ಅಂದ್ನಲ್ಲ, ಆಯ್ತು. ದುಡ್ಡು ನಿಧಾನಕ್ಕೆ ಕೊಡ್ಲಿ, ನಾನು ಕಾಯ್ತೀನಿ."

"ನಮ್ಮದು?"

ಸಾಹೇಬರು ಕನ್ನಡಕ ತೆಗೆದರು. "ನೀವು ಕೇಳ್ಲಿಲ್ಲವಲ್ಲಮ್ಮ."

ಆಮೇಲೆ ವಿವರಿಸಿದರು. ಅವರು ಕಲಿತ ಶಾಸ್ತ್ರದ ಪ್ರಕಾರ, ಪಾಲುದಾರನಿಗೆ ಹೀಗೆ ಮೊದಲು ಕೊಳ್ಳುವ ಹಕ್ಕಿದೆ. ಆದರೆ ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಬಾಯಿಬಿಟ್ಟು ಬೇಕು ಎನ್ನಬೇಕು. ಸುಮ್ಮನಿದ್ದರೆ ಹಕ್ಕು ಹೋಯಿತು. ಇಲ್ಲದಿದ್ದರೆ ಕೊಳ್ಳುವವನು ಎಷ್ಟು ದಿನ ಕಾಯಬೇಕು?

"ಒಂದು ಮಾತು ಮುಂಚೆ ಹೇಳ್ಬಾರದಿತ್ತಾ ಸಾಬ್ರೇ?"

"ಹೇಳಿಕೊಟ್ಟು ಹೇಳಿಸಿದ್ರೆ ಕೆಂಪಣ್ಣನಿಗೆ ಮೋಸ ಆಗ್ತಿತ್ತು. ನೀನು ಓದಿದೋಳು, ಕೇಳ್ತೀಯ ಅಂದ್ಕೊಂಡೆ. ಅದಕ್ಕೇ ನಿನ್ನನ್ನ ನೋಡ್ದೆ."

"ಆರೂ ಮನೆಯೋರು ಬೇಕು ಅಂದಿದ್ರೆ? ಯಾರ ಹತ್ರನೂ ದುಡ್ಡಿಲ್ಲ. ತಾರಸಿ ಹೇಗೆ ಮಾಡಿಸ್ತಿದ್ರಿ?"

"ಈ ಅಂಗಡಿ ಮಾರ್ತಿದ್ದೆ" ಎಂದರು. ಅಷ್ಟು ಸಲೀಸಾಗಿ ಹೇಳಿದರೆ ನಂಬುವುದೋ ಬಿಡುವುದೋ ನನಗೆ ತಿಳಿಯಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಮಾಕಳಿಯಿಂದ ಆಗಷ್ಟೇ ಬಂದಿದ್ದಳು, ಮಾವ ಒಪ್ಪಿದ್ದ. ಹಾಕಿದ್ದ ಚಪ್ಪಲಿಯಲ್ಲೇ ನನ್ನನ್ನು ಎಳೆದುಕೊಂಡು ಯಶವಂತಪುರಕ್ಕೆ ಹೊರಟಳು. ಸಾಹೇಬರು ಅಂಗಡಿಯ ಬಾಗಿಲು ಹಾಕುತ್ತಿದ್ದರು.

"ಸಾಬ್ರೇ, ನಿಮಗೆ ಮಜ್ಜಿಗೆ ತರಾಕೆ ಎದ್ದೋಳು ಮನೆ ಬ್ಯಾಡ ಅಂದಂಗಾ?"

ಸಾಹೇಬರು ತಿರುಗಿ ನೋಡಿದರು.

"ಬಂದೋರಿಗೆ ಬಾಯಾರಿಕೆ ಕೇಳದೆ ಮೊದ್ಲು ವ್ಯಾಪಾರ ಮಾತಾಡಕ್ಕೆ ನಾನೇನು ಮಂಡಿಯೋಳಾ? ಬ್ಯಾಡ ಅನ್ನೋ ಆಗಿದ್ರೆ ಮಜ್ಜಿಗೆ ಯಾಕೆ ತರ್ತಿದ್ದೆ?"

ಸಾಹೇಬರು ಬಾಗಿಲ ಚಿಲಕ ಹಿಡಿದೇ ನಿಂತಿದ್ದರು. ಅವರಿಗೆ ನಿಜವಾಗಿಯೂ ಗೊಂದಲವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. "ಎರಡು ದಿನ ಕೊಡಿ ತಾಯಿ, ಕೇಳ್ಕೊಂಡು ಬರ್ತೀನಿ" ಎಂದರು.

ಆರ್.ಟಿ. ನಗರದಲ್ಲಿ ಒಬ್ಬ ಮೌಲ್ವಿಯವರನ್ನು ಕೇಳಿದರು. ಎದ್ದು ಬೇರೆ ಕೆಲಸಕ್ಕೆ ಹೋದದ್ದೇ ಬೇಡವೆಂದ ಹಾಗೆ, ಹಕ್ಕು ಹೋಯಿತು ಎಂದರಂತೆ. ಯಲಹಂಕದಲ್ಲಿ ಇನ್ನೊಬ್ಬ ಹಿರಿಯರಿದ್ದರು. ಮಾತಿಗೆ ಕೂತವರು ಎದ್ದು ಚದುರುವವರೆಗೆ ಹಕ್ಕು ಇರುತ್ತದೆ, ಅತಿಥಿ ಮಜ್ಜಿಗೆ ಕುಡಿಯುತ್ತಿದ್ದರೆ ಬೈಠಕ್ಕು ಇನ್ನೂ ಮುಗಿದಿಲ್ಲ ಎಂದರಂತೆ. ಆದರೆ ಕುಡಿದ ಮೇಲಾದರೂ ಆಕೆ ಬೇಕು ಎಂದಳೇ ಎಂದು ಅವರೂ ಕೇಳಿದರು. ಎಂದಿರಲಿಲ್ಲ. ಸಾಹೇಬರು ಕೊನೆಗೆ ಕೆಂಪಣ್ಣನ ಹತ್ತಿರವೇ ಹೋಗಿ, ಅದೊಂದು ಮನೆ ಬಿಟ್ಟುಕೊಡು ಎಂದು ಕೇಳಿದರು. ಅವನು ಅಷ್ಟರಲ್ಲಿ ಮುಂಗಡ ಕೊಟ್ಟಾಗಿತ್ತು. "ನಿಮ್ಮ ಶಾಸ್ತ್ರ ನೀವೇ ಹೇಳಿದ್ದು ಸಾಬ್ರೇ. ಮಾತು ಮಾತೇ" ಎಂದ. ಅವನದೂ ತಪ್ಪೆನ್ನುವ ಹಾಗಿರಲಿಲ್ಲ.

ಇದನ್ನು ಹೇಳಲು ಸಾಹೇಬರು ಬಂದು ಗೇಟಿನ ಹೊರಗೇ ನಿಂತರು. ಅಮ್ಮ ಒಳಗೆ ಕರೆದಳು. "ಬೇಡಮ್ಮ, ಇನ್ನು ಈ ಮನೇಲಿ ನಂದೇನೂ ಇಲ್ಲ" ಎಂದರು. ಅಮ್ಮ ಜಗಳವಾಡಲಿಲ್ಲ. ಅವಳು ಜಗಳವಾಡದೆ ಇದ್ದದ್ದನ್ನು ನೋಡಿ ನನಗೆ ಅಳು ಬಂತು.

ಕೆಂಪಣ್ಣ ಕೊಟ್ಟ ದುಡ್ಡಿನಲ್ಲಿ, ಪಾಲು ಮಾರಿದರೂ ತಾರಸಿ ತಾವೇ ಮಾಡಿಸಿಕೊಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದ ಹಾಗೆ, ಆರೂ ತಾರಸಿಗೆ ಸಿಮೆಂಟ್ ಬಿತ್ತು. ಒಂದು ಪೈಸೆಯನ್ನೂ ಸಾಹೇಬರು ಬೇರೆ ಕಡೆಗೆ ತಿರುಗಿಸಲಿಲ್ಲ, ಲೆಕ್ಕ ಬರೆದವಳು ನಾನೇ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು, ಆದರೂ ಹಿಂಗಾರು ಮಳೆ ಜೋರಾಗಿ ಹೊಡೆದ ದಿನ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮತ್ತೆ ನೀರಿಳಿಯಿತು. ಒಲೆ ಹತ್ತುತ್ತಿರಲಿಲ್ಲ. ತಿಂಗಳ ಮೊದಲ ದಿನವೇ ಕೆಂಪಣ್ಣನ ಕಡೆಯವನು ಬಾಡಿಗೆಗೆ ಬಂದ. ಅಮ್ಮ ಅವನನ್ನು ಒಳಗೆ ಕರೆದುಕೊಂಡು ಹೋಗಿ ಮೂಲೆ ತೋರಿಸಿದಳು.

"ಮನೆ ಸೋರೋದಕ್ಕೂ ಬಾಡಿಗೆಗೂ ಏನಮ್ಮ ಸಂಬಂಧ?" ಎಂದ ಅವನು. ಒರಟಾಗಿಯೇನೂ ಅಲ್ಲ, ನಿಜವಾಗಿ ತಿಳಿಯದೆ ಕೇಳಿದ.

ಅಮ್ಮ ಡಬ್ಬಿಯಿಂದ ದುಡ್ಡು ತೆಗೆದು ಅವನ ಕೈಗೆ ಕೊಟ್ಟಳು. ಅವನು ಹೋದಮೇಲೆ ನೀರು ಬೀಳುತ್ತಿದ್ದ ಕಡೆಗೆ ಪಾತ್ರೆ ಸರಿಸಿ, ಅದರ ಪಕ್ಕದಲ್ಲೇ ಕೂತು ಹೇಳಿದಳು:

"ಇನ್ಮೇಲೆ ಸೋರೋದೆಲ್ಲ ನಮ್ದೇ ಕಣೆ ಸರೋಜಾ."